ಕಾಲಿನ ಕಡೆಯ ಹೊಲಿಗೆ

ಅಮ್ಮಾ,

ಯಾವ ಅಂಚೆಯೂ ನಿನ್ನನ್ನು ಮುಟ್ಟದು. ಆದರೂ ವರದಿ ಒಪ್ಪಿಸುತ್ತೇನೆ. ನೀನು ಹೋಗುವಾಗ ಅರ್ಧಕ್ಕೆ ಬಿಟ್ಟ ಬಣ್ಣದ ಕೌದಿ ಇವತ್ತು ಮುಗಿಯಿತು. ಸೂಜಿ ಹಿಡಿದರೆ ನಿದ್ದೆ, ಇಟ್ಟರೆ ಎದ್ದೆ ಎನ್ನುವ ನನ್ನಂಥವಳಿಗೆ ಇಷ್ಟು ವರ್ಷ ಹಿಡಿಯಿತು.

ಕಣ್ಣು ಮಂಜಾದ ಮೇಲೆ ನೀನು ಹಾಕಿದ ಸಾಲುಗಳು ಕುಡಿದವರಂತೆ ನಡೆದಿವೆ. "ಅದನ್ನ ಬಿಚ್ಚಿ ಹೊಲಿಯೇ ಅಕ್ಕ, ನೋಡಿದೋರು ನಗ್ತಾರೆ" ಎಂದಳು ತಂಗಿ. ಕತ್ತರಿ ತಂದೆ. ದಾರ ಪೋಣಿಸಿಕೊಡು ಎಂದು ನೀನು ಮತ್ತೆ ಮತ್ತೆ ಕೂಗುತ್ತಿದ್ದದ್ದು ನೆನಪಾಗಿ ಕೆಳಗಿಟ್ಟೆ.

ಆ ಭಾಗ ಕಾಲಿನ ಕಡೆಗೆ ಬರುವಂತೆ ಮಧ್ಯಾಹ್ನ ಅಪ್ಪನಿಗೆ ಹೊದಿಸಿದೆ. ಅವರು ಎದ್ದು ಕೂತು, ಬೆರಳಲ್ಲಿ ಹೊಲಿಗೆ ತಡವಿ ನೋಡಿ, ಕೌದಿಯನ್ನು ಪೂರ್ತಿ ತಿರುಗಿಸಿದರು.

"ಅಪ್ಪಾ, ಅದು ಕಾಲಿನ ಕಡೇದು."

"ಗೊತ್ತು ಕಣಮ್ಮ" ಎಂದು, ನಿನ್ನ ಸೊಟ್ಟ ಸಾಲುಗಳನ್ನು ಗಲ್ಲದವರೆಗೆ ಎಳೆದುಕೊಂಡು ಮಲಗಿದರು.