ಚಂದ್ರನ ಕಡತದೊಳಗೆ ಮುಳುಗಿದ ದಿಬ್ಬ

ಕರಾವಳಿ ರಕ್ಷಣಾ ಇಲಾಖೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನೆರೆಗೆ ಸಿಗದಂತೆ ಮಣ್ಣು ಪೇರಿಸಿ ಮೇಲೆ ಮನೆ ಕಟ್ಟಿಕೊಂಡಿರುವ ನಮ್ಮ ದಿಬ್ಬವನ್ನು ಇನ್ನು ಬಲಪಡಿಸುವುದಿಲ್ಲ, ಸೆಪ್ಟೆಂಬರ್ ಮುಗಿಯುವುದರೊಳಗೆ ಅದರ ಮೇಲಿನ ಮೂರೂ ಮನೆಗಳನ್ನು ತೆರವು ಮಾಡಬೇಕು ಎಂದು ತಾವು ಆದೇಶ ಕಳುಹಿಸಿದ್ದೀರಿ. ಅದರ ನಾಲ್ಕನೇ ಸಾಲಿನಲ್ಲಿ ಕಾರಣವನ್ನೂ ದಯಪಾಲಿಸಿದ್ದೀರಿ: "ವಾಯವ್ಯ ಇಳಿಜಾರಿನ ಕುಸಿತದ ಬಗ್ಗೆ ನಿವಾಸಿಗಳು ಸಕಾಲದಲ್ಲಿ ಇಲಾಖೆಗೆ ತಿಳಿಸಿರುವುದಿಲ್ಲ." ಈ ಸಾಲು ಸುಳ್ಳು. ನಾವು ತಿಳಿಸಿದ್ದೇವೆ. ನನ್ನ ಅಣ್ಣ ಕೇಟೆಲ್ ಬ್ರೋಡರ್ಸನ್ ಎರಡು ವರ್ಷಗಳ ಹಿಂದೆ ತಮಗೆ ಬರೆದ ಪತ್ರದ ಮೂರನೇ ಪುಟದಲ್ಲಿ ಅದು ಇದೆ. ಆ ಪತ್ರವನ್ನು ತಾವು ಕಳೆದುಹಾಕಿಲ್ಲ, ಅಷ್ಟರಮಟ್ಟಿಗೆ ತಮ್ಮ ಕಚೇರಿ ಬಹಳ ಅಚ್ಚುಕಟ್ಟು. "ಚಂದ್ರ ಮತ್ತು ಇತರೆ" ಎಂಬ ಹಣೆಪಟ್ಟಿ ಅಂಟಿಸಿದ ಕಡತದಲ್ಲಿ ಭದ್ರವಾಗಿ ಇಟ್ಟಿದ್ದೀರಿ.

ವಿಷಯವನ್ನು ಹೀಗೆ ಮೊದಲ ಉಸಿರಿಗೇ ಹೇಳಿಬಿಟ್ಟದ್ದಕ್ಕೆ ನಮ್ಮ ಓಸ್ಟರ್‌ಹಾಲಿಗ್ ದ್ವೀಪದ ಜನ ನನ್ನನ್ನು ಒರಟು ಹೆಂಗಸು ಎನ್ನುತ್ತಾರೆ. ನಮ್ಮಲ್ಲಿ ಮುಖ್ಯವಾದ ಮಾತನ್ನು ಮೊದಲು ಆಡುವುದಿಲ್ಲ. ಒಬ್ಬರ ಮನೆಗೆ ಹೋದರೆ ಮೊದಲು ಆಕಾಶದ ಮಾತು, ಆಮೇಲೆ ಗಾಳಿ, ಆಮೇಲೆ ಉಬ್ಬರ, ಕುರಿ. ಕಾಫಿ ಮುಗಿದು, ಎದ್ದು, ಟೋಪಿ ಕೈಗೆತ್ತಿಕೊಂಡು ಬಾಗಿಲಲ್ಲಿ ನಿಂತಾಗ ಬಂದ ವಿಷಯ ಹೊರಗೆ ಬರುತ್ತದೆ. ಅದಕ್ಕೆ ಬಾಗಿಲ ಮಾತು ಎಂದೇ ಹೆಸರು. ನೆರೆಮನೆಯ ತಾಡೆ ಲೊರೆನ್ಸನ್ ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕೂತು ಎರಡು ಲೋಟ ಕಾಫಿ ಕುಡಿದ, ಕುರಿಯ ಗೊರಸು ಕೊಳೆಯುವ ಕಾಯಿಲೆಯ ಬಗ್ಗೆ ಅರ್ಧ ಗಂಟೆ ಮಾತಾಡಿದ, ಕೊನೆಗೆ ಬಾಗಿಲಲ್ಲಿ ತಿರುಗಿ, "ಅಂದ ಹಾಗೆ ಗೋಂಕೆ, ಬೆಳಿಗ್ಗೆ ಅಪ್ಪ ಹೋಗ್ಬಿಟ್ರು" ಎಂದ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಬಾಗಿಲ ತನಕ ಕಾಯದವನಿಗೆ ಸುದ್ದಿ ಸಿಕ್ಕುವುದಿಲ್ಲ ಎಂಬುದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ಕೇಟೆಲ್ ತಮಗೆ ಬರೆದ ಪತ್ರವೂ ಇದೇ ಕ್ರಮದಲ್ಲಿತ್ತು. ಮೊದಲ ಪುಟದಲ್ಲಿ ಆಕಾಶ.

ಊರಿನ ಶಾಲೆ ಮುಚ್ಚಿದಾಗ ಹೊರಟುಹೋದ ಮೇಷ್ಟ್ರು ಅವನಿಗೊಂದು ದೂರದರ್ಶಕವನ್ನೂ ಅದಕ್ಕೆ ಕಚ್ಚಿಸುವ ಸಣ್ಣ ಕ್ಯಾಮೆರಾವನ್ನೂ ಬಿಟ್ಟುಹೋಗಿದ್ದರು. ಕುರಿ ನೋಡಲೆಂದು ಬೆಳಗಿನ ಜಾವವೇ ಏಳುವ ಮನುಷ್ಯ. ಅಮಾವಾಸ್ಯೆ ಹತ್ತಿರವಾಗುವ ದಿನಗಳಲ್ಲಿ, ಮೂಡಣದಲ್ಲಿ ತೆಳ್ಳಗೆ ಏಳುವ ಚಂದ್ರನ ಕತ್ತಲ ಭಾಗದ ಮೇಲೆ ಒಮ್ಮೊಮ್ಮೆ ಚಿಕ್ಕದೊಂದು ಬೆಳಕು ಮಿಂಚಿ ಮಾಯವಾಗುವುದನ್ನು ಅವನು ಕಂಡ. ಬಾಹ್ಯಾಕಾಶದ ಕಲ್ಲು ಬಂದು ಚಂದ್ರನಿಗೆ ಬಡಿದಾಗ ಏಳುವ ಬೆಳಕು ಅದು. ಅಷ್ಟು ಸರಿಯೇ. ಆದರೆ ಆ ಬೆಳಕು ಕಂಡ ನಾಲ್ಕೈದು ದಿನಕ್ಕೆ ಇಲ್ಲಿ ದೊಡ್ಡ ಉಬ್ಬರ ಏಳುವುದನ್ನೂ ಅವನು ಕಂಡ. ಎಂಟು ವರ್ಷಗಳಲ್ಲಿ ಹತ್ತೊಂಬತ್ತು ಬೆಳಕು. ಅದರಲ್ಲಿ ಹನ್ನೊಂದರ ಬೆನ್ನಿಗೇ ಸಮುದ್ರ ಹುಲ್ಲುಗಾವಲನ್ನೆಲ್ಲ ನುಂಗಿ ದಿಬ್ಬಗಳನ್ನಷ್ಟೇ ಉಳಿಸಿತ್ತು. ಚಂದ್ರನಿಗೆ ಏಟು ಬಿದ್ದರೆ ಅದು ನಡುಗುತ್ತದೆ, ಅದು ನಡುಗಿದರೆ ಸಮುದ್ರ ಉಕ್ಕುತ್ತದೆ ಎಂದು ಅವನು ಲೆಕ್ಕ ಹಾಕಿದ. ನಮ್ಮ ಬಾಗಿಲ ಚೌಕಟ್ಟಿನಲ್ಲಿ ಇನ್ನೂರು ವರ್ಷಗಳಿಂದ ನೆರೆಗೊಂದರಂತೆ ಗೀಟು ಕೊರೆದು ಇಸವಿ ಬರೆದಿಟ್ಟಿದ್ದಾರೆ. ಆ ಹನ್ನೊಂದು ಗೀಟುಗಳ ಪಕ್ಕ ಇವನು ಒಂದೊಂದು ನಕ್ಷತ್ರ ಕೊರೆದ.

ಮಾನ್ಯರೇ, ನನ್ನ ಅಣ್ಣನ ಲೆಕ್ಕ ತಪ್ಪು. ತಮಗಿಂತ ಮೊದಲೇ ಅದು ನನಗೆ ಗೊತ್ತಿತ್ತು. ಇಪ್ಪತ್ತಾರು ವರ್ಷ ದಿನಕ್ಕೆರಡು ಸಲ ಇಲ್ಲಿನ ಉಬ್ಬರದ ಅಳತೆಗಂಬ ಓದಿ ತಮ್ಮದೇ ಇಲಾಖೆಗೆ ಅಂಕಿ ಕಳುಹಿಸಿದವಳು ನಾನು. ಹುಣ್ಣಿಮೆಯ ಬೆಳಕಿನಲ್ಲಿ ಆ ಮಿಂಚು ಯಾರಿಗೂ ಕಾಣುವುದಿಲ್ಲ. ಚಂದ್ರ ಸಣ್ಣಗಾಗಿ, ಅದರ ಬಹುಭಾಗ ಕತ್ತಲಲ್ಲಿದ್ದಾಗಲೇ ಕಾಣಬೇಕು, ಎಂದರೆ ಅಮಾವಾಸ್ಯೆಯ ಆಚೀಚೆ. ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಕಲ್ಲು ಬಿದ್ದರೂ ಬೀಳದಿದ್ದರೂ ಉಬ್ಬರ ದೊಡ್ಡದೇ ಇರುತ್ತದೆ. ಅದರ ಮೇಲೆ ಶರತ್ಕಾಲದ ಬಿರುಗಾಳಿ ಸೇರಿಕೊಂಡರೆ ಮುಗಿಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಬೆಳಕು ಕಾಣದೆಯೇ ಬಂದ ನೆರೆಗಳಿಗೆ ಅವನು ನಕ್ಷತ್ರ ಕೊರೆದಿರಲಿಲ್ಲ, ನಾನೂ ಕೇಳಲಿಲ್ಲ. ಆ ಚಳಿಯಲ್ಲಿ ಅವನು ಓಡಿಬಂದು, "ಗೋಂಕೆ, ಇನ್ನೊಂದು ಬಿತ್ತು ಕಣೇ! ಕುರಿ ಮೇಲಕ್ಕೆ ಹೊಡ್ಕೊಳೋಕೆ ಹೇಳು ಎಲ್ಲರಿಗೂ" ಎನ್ನುವಾಗ ಅವನ ಮುಖ ನೋಡಿದ್ದರೆ ತಾವೂ ಸುಮ್ಮನಿರುತ್ತಿದ್ದಿರಿ. ಕುರಿಗಳಂತೂ ಯಾವತ್ತೂ ಮುಳುಗಲಿಲ್ಲ.

ಪತ್ರದ ಎರಡನೇ ಪುಟದಲ್ಲಿ ತಾರೀಖುಗಳ ಪಟ್ಟಿ ಇತ್ತು. ಮೂರನೇ ಪುಟದಲ್ಲಿ ಕುರಿಗಳ ವಿಷಯ, ಅದರ ಕೊನೆಗೆ ಹೀಗಿತ್ತು: "ಅಂದ ಹಾಗೆ, ನಮ್ಮ ದಿಬ್ಬದ ವಾಯವ್ಯ ಇಳಿಜಾರು ಕುಸಿಯುತ್ತಿದೆ. ಬುಡದಲ್ಲಿ ಒಂದು ಮೊಳ ಮಣ್ಣು ಹೋಗಿದೆ. ಮೇಲೆ ಹುಲ್ಲು ಇರುವುದರಿಂದ ದೋಣಿಯಿಂದ ನೋಡಿದರೆ ಕಾಣುವುದಿಲ್ಲ. ಕುರಿಗಳು ಅಲ್ಲಿ ಕಾಲಿಡುವುದನ್ನು ಬಿಟ್ಟಿವೆ. ಒಬ್ಬರನ್ನು ಕಳುಹಿಸಿ."

ತಾವು ಕಳುಹಿಸಿದ್ದು ಪತ್ರವನ್ನು, ಒಂದು ಖಗೋಳ ಸಂಸ್ಥೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಸಂಸ್ಥೆಯ ವಿಜ್ಞಾನಿ, ಯಾರೋ ಪುಣ್ಯಾತಗಿತ್ತಿ, ಎರಡು ಪುಟದ ಉತ್ತರ ಬರೆದರು. ಚಂದ್ರನಿಗೆ ಇಂಥ ಕಲ್ಲುಗಳು ಬಡಿಯುತ್ತಲೇ ಇರುತ್ತವೆ, ಆನೆಗೆ ಸೊಳ್ಳೆ ಕಚ್ಚಿದಷ್ಟೂ ಅದಕ್ಕೆ ತಾಗುವುದಿಲ್ಲ, ಅದರ ದಾರಿ ಕೂದಲೆಳೆಯಷ್ಟೂ ಕದಲುವುದಿಲ್ಲ, ಅಲ್ಲಿಂದ ಸಿಡಿದ ಚೂರು ಎಂದಾದರೊಮ್ಮೆ ಇಲ್ಲಿಗೆ ಬಂದರೂ ಅದರಿಂದ ಭೂಕಂಪವಾಗಲೀ ನೆರೆಯಾಗಲೀ ಆಗದು ಎಂದು ವಿವರಿಸಿ, "ನಿಮ್ಮ ಹತ್ತೊಂಬತ್ತು ದಾಖಲೆಗಳು ನಮಗೆ ಅಮೂಲ್ಯ, ದಯವಿಟ್ಟು ನಿಲ್ಲಿಸಬೇಡಿ" ಎಂದು ಮುಗಿಸಿದ್ದರು. ಅವರ ಮೇಲೆ ನನಗೆ ಗೌರವವಿದೆ. ತಾವು ಅವರಿಗೆ ಕಳುಹಿಸಿದ್ದು ಮೊದಲೆರಡು ಪುಟಗಳನ್ನು ಮಾತ್ರ ಎಂಬುದೂ ಅವರ ಪತ್ರದಿಂದಲೇ ತಿಳಿಯಿತು. ಮೂರನೆಯದು ಕುರಿಗಳ ವಿಷಯವಾದ್ದರಿಂದ ಬಾಹ್ಯಾಕಾಶಕ್ಕೆ ಸಂಬಂಧಿಸಿದ್ದಲ್ಲ ಎಂದು ತಮ್ಮಲ್ಲಿ ಯಾರೋ ಬುದ್ಧಿವಂತರು ತೀರ್ಮಾನಿಸಿರಬೇಕು.

ಮರುವರ್ಷದ ಮೇ ತಿಂಗಳಲ್ಲಿ ತಮ್ಮ ಪರಿವೀಕ್ಷಕ ಬಂದರು. ದೋಣಿ ಇಳಿತಕ್ಕೆ ಮುಂಚೆ ಹೊರಡಬೇಕು, ಕೈಯಲ್ಲಿ ಎರಡು ಗಂಟೆ. ಬಾಗಿಲಲ್ಲೇ ಅವರ ಕಣ್ಣು ಚೌಕಟ್ಟಿನ ಮೇಲೆ ಬಿತ್ತು.

"ಇದೇನಜ್ಜ, ಈ ನಕ್ಷತ್ರಗಳು?"

"ಚಂದ್ರನಿಗೆ ಕಲ್ಲು ಬಿದ್ದಿದ್ದರ ಗುರುತು ಸ್ವಾಮಿ" ಎಂದ ಕೇಟೆಲ್.

"ಅಯ್ಯೋ, ಆ ಕಾಗದ ಬರೆದೋರು ನೀವೇನಾ? ನಮ್ಮಾಫೀಸಲ್ಲಿ ನೀವು ಭಾರೀ ಫೇಮಸ್ಸು ಕಣ್ರೀ! ನಿಲ್ಲಿ, ಇಲ್ಲೇ ನಿಲ್ಲಿ, ಒಂದು ಫೋಟೋ."

ಒಂದಲ್ಲ, ಹದಿನೈದು ತೆಗೆದರು. ದೂರದರ್ಶಕದ ಪಕ್ಕ ನಿಲ್ಲಿಸಿ ತೆಗೆದರು, ಆಕಾಶಕ್ಕೆ ಬೆರಳು ತೋರಿಸಿ ತೆಗೆದರು. ನಾನು ಒಣದ್ರಾಕ್ಷಿ ಕೇಕು ಕೊಟ್ಟೆ, ರಮ್ ಹಾಕಿದ ಕಾಫಿ ಕೊಟ್ಟೆ. ಕೇಟೆಲ್ ಗಾಳಿಯಿಂದ ಶುರುಮಾಡಿದ. ಉಬ್ಬರಕ್ಕೆ ಬರುವಷ್ಟರಲ್ಲಿ ಆ ಪುಣ್ಯಾತ್ಮ ಗಡಿಯಾರ ನೋಡಿ ಎದ್ದುಬಿಟ್ಟರು. ಎದ್ದವರು ಬಾಗಿಲಲ್ಲಿ ನಿಲ್ಲಲೂ ಇಲ್ಲ. ದೋಣಿಕಟ್ಟೆಯ ತನಕ ನನ್ನ ಅಣ್ಣ, ಎಪ್ಪತ್ತನಾಲ್ಕರ ಮುದುಕ, ಟೋಪಿ ಕೈಯಲ್ಲಿ ಹಿಡಿದುಕೊಂಡು ಹಿಂದೆ ಓಡಿದ.

"ಅಂದ ಹಾಗೆ, ಸ್ವಾಮಿ..."

"ಚಂದ್ರನ ಕಥೆ ಮುಂದಿನ ಸಲ ಅಜ್ಜಾ! ಪೂರ್ತಿ ಕೇಳ್ತೀನಿ, ಆಯ್ತಾ?"

ಅವರ ವರದಿಯ ಪ್ರತಿ ನನ್ನ ಬಳಿ ಇದೆ. "ಇಳಿಜಾರುಗಳು: ದೋಣಿಯಿಂದ ಕಂಡಂತೆ ಸುಸ್ಥಿತಿಯಲ್ಲಿವೆ. ನಿವಾಸಿಗಳು: ಆತಿಥ್ಯಪ್ರಿಯರು." ಆ ಫೋಟೋಗಳಲ್ಲೊಂದು ಆಚೆ ದಡದ ಪತ್ರಿಕೆಯಲ್ಲೂ ಬಂತು, "ಚಂದ್ರಜ್ಜ" ಎಂಬ ತಲೆಬರಹದೊಂದಿಗೆ. ಅದನ್ನು ಪತ್ರಿಕೆಗೆ ಕೊಟ್ಟವರು ಯಾರು ಎಂದು ಕೇಳುವಷ್ಟು ಅಸಭ್ಯಳು ನಾನಲ್ಲ.

ತಮ್ಮನ್ನಷ್ಟೇ ಬೈದರೆ ನನ್ನ ಬಾಯಿಗೆ ಹುಳ ಬಿದ್ದೀತು. ಅಣ್ಣನ ಅಕ್ಷರ ಕೋಳಿಕಾಲು, ಹಾಗಾಗಿ ಆ ಪತ್ರದ ಶುದ್ಧಪ್ರತಿ ಬರೆದವಳು ನಾನು. ಅರ್ಧ ಜೀವಮಾನ ತಮ್ಮ ಇಲಾಖೆಯೊಂದಿಗೆ ವ್ಯವಹರಿಸಿದ ನನಗೆ ತಾವು ಎಷ್ಟನೇ ಸಾಲಿನ ತನಕ ಓದುತ್ತೀರಿ ಎಂಬುದು ಗೊತ್ತಿರಬೇಕಿತ್ತು. ಮೂರನೇ ಪುಟವನ್ನು ಮೊದಲು ಇಡು ಎಂದು ನಾನು ಹೇಳಲಿಲ್ಲ. ಬಾಗಿಲ ಮಾತನ್ನು ಅಂಗಳದಲ್ಲೇ ಆಡಿಸುವುದು ನನಗೂ ನಾಚಿಕೆಯೆನಿಸಿತು.

ಕಳೆದ ಡಿಸೆಂಬರ್‌ನಲ್ಲಿ ಆ ಇಳಿಜಾರು ಹೋಯಿತು. ವಾರವಿಡೀ ಮೋಡ, ಚಂದ್ರ ಮುಖವನ್ನೇ ತೋರಿಸಿರಲಿಲ್ಲ. ಮಧ್ಯಾಹ್ನದ ಉಬ್ಬರಕ್ಕೆ ಹುಲ್ಲಿನ ಸಮೇತ ಅಷ್ಟೂ ಮಣ್ಣು ಒಮ್ಮೆಲೇ ಜಾರಿತು, ತಾಡೆಯ ಕೊಟ್ಟಿಗೆಯ ಮೂಲೆ ಅದರೊಂದಿಗೆ ಹೋಯಿತು, ಸಿಹಿನೀರಿನ ಹೊಂಡಕ್ಕೆ ಉಪ್ಪುನೀರು ನುಗ್ಗಿತು. ಒಂಬತ್ತು ಜನ ನಾವು ಮೂವತ್ತೊಂದು ಕುರಿಗಳೊಂದಿಗೆ ನಮ್ಮ ಮನೆಯ ಮಾಳಿಗೆಯಲ್ಲಿ ಎರಡು ದಿನ ಕಳೆದೆವು. ಆಮೇಲೆ ತಾವು ಬಂದಿರಿ, ತಾವೇ ಖುದ್ದಾಗಿ, ಹೊಸ ಗಮ್‌ಬೂಟು ಹಾಕಿಕೊಂಡು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ತಾವು ಆ ಬಾಗಿಲನ್ನೂ ಹಾಕಲಿಲ್ಲ. ನೋಡಿ, ತಲೆಯಾಡಿಸಿ, ಇದು ಇನ್ನು ದುರಸ್ತಿಗೆ ಮೀರಿದ್ದು, ಮೊದಲೇ ತಿಳಿಸಿದ್ದರೆ ಬೇಸಿಗೆಯಲ್ಲಿ ಹದಿನೈದು ದಿನದ ಕೆಲಸವಾಗಿತ್ತು ಎಂದಿರಿ. ಹದಿನೈದು ದಿನದ ಕೆಲಸ! ಆ ಮಾತನ್ನು ಕೇಟೆಲ್ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ.

ಚಂದ್ರನಿಗೆ ಕಲ್ಲು ಬಡಿದರೆ ಭೂಮಿಯ ಮೇಲೆ ಅನಾಹುತವಾಗಲು ಸಾಧ್ಯವೇ? ಆ ವಿಜ್ಞಾನಿ ಇಲ್ಲವೆಂದರು. ನಾನು ವಿನಯದಿಂದ ಭಿನ್ನಾಭಿಪ್ರಾಯ ಸೂಚಿಸುತ್ತೇನೆ. ನಡುವೆ ತಮ್ಮಂಥ ಇಲಾಖೆಯೊಂದಿದ್ದರೆ ಖಂಡಿತ ಸಾಧ್ಯ. ಅಲ್ಲಿ ಮುಷ್ಟಿಗಾತ್ರದ ಕಲ್ಲು ಬಿತ್ತು, ಅದನ್ನೊಬ್ಬ ಕಂಡು ಬರೆದ, ಬರೆದದ್ದಕ್ಕೆ ಕಚೇರಿಯೊಂದು ನಕ್ಕಿತು, ನಗುವುದರಲ್ಲಿ ಮೂರನೇ ಪುಟ ಮಗುಚಲು ಮರೆಯಿತು, ಇಲ್ಲಿ ದಿಬ್ಬ ಕುಸಿಯಿತು. ಮರುಳನೊಬ್ಬ ತನ್ನ ಮನೆಗೆ ಬೆಂಕಿ ಬಿದ್ದಿದೆ ಎಂದರೆ ಆ ಮನೆ ಉರಿಯುವುದಿಲ್ಲವೇ? ಒಂದು ವಿಷಯದಲ್ಲಿ ತಪ್ಪಿದವನು ಎಲ್ಲ ವಿಷಯದಲ್ಲೂ ತಪ್ಪಲೇಬೇಕು ಎಂಬುದು ಯಾವ ಶಾಸ್ತ್ರ?

ಆದೇಶ ಬಂದ ಮರುದಿನ ಬೆಳಿಗ್ಗೆ ನಾನು ಕೆಳಗೆ ಬಂದಾಗ ಕೇಟೆಲ್ ಉಳಿ ಹಿಡಿದು ಬಾಗಿಲ ಚೌಕಟ್ಟಿನ ಮುಂದೆ ಕೂತಿದ್ದ. ಒಂದು ನಕ್ಷತ್ರ ಆಗಲೇ ಕೆರೆದಾಗಿತ್ತು.

"ಏನಣ್ಣಾ ಮಾಡ್ತಿದ್ದೀಯಾ? ಬಿಡೋ ಅದನ್ನ."

"ಇದೊಂದು ಇಲ್ದೇ ಇದ್ದಿದ್ರೆ ಫೋಟೋ ತೆಗೆದ ಆ ಹುಡುಗ ಇಳಿಜಾರು ನೋಡ್ತಿದ್ದ ಕಣೇ."

"ಅವ್ನು ನೋಡ್ದೇ ಹೋಗಿದ್ದು ಅವ್ನ ತಪ್ಪು. ನೀನು ಬರ್ದಿದ್ಯಲ್ಲ!"

"ಚಂದ್ರನ್ನ ಯಾಕೆ ಬರೀಬೇಕಿತ್ತು ನಾನು? ಒಂಬತ್ತು ಜನರ ಮನೆ ತಿಂದುಬಿಟ್ಟೆ ಗೋಂಕೆ. ತಾಡೆ ಮುಖ ನೋಡಕ್ಕಾಗ್ತಿಲ್ಲ ನಂಗೆ."

ತಾಡೆ ಅವನನ್ನು ಒಂದು ಮಾತೂ ಅಂದವನಲ್ಲ. ಹಾಗೆಂದು ಹೇಳಿದರೆ ಕೇಟೆಲ್‌ಗೆ ಕೇಳಿಸುವುದಿಲ್ಲ. ದೂರದರ್ಶಕಕ್ಕೆ ಗೋಣಿ ಸುತ್ತಿ ಕೊಟ್ಟಿಗೆಯಲ್ಲಿಟ್ಟಿದ್ದಾನೆ. ಬೆಳಗಿನ ಜಾವ ಈಗಲೂ ಏಳುತ್ತಾನೆ, ಕುರಿ ನೋಡಲು ಹೋಗುತ್ತಾನೆ, ತಲೆ ಎತ್ತುವುದಿಲ್ಲ. ನನಗೆ ಇದನ್ನು ನೋಡಿ ಸಾಕಾಗಿದೆ.

ನನ್ನ ಬೇಡಿಕೆ ಇದು: ಕಡತ ತೆರೆದು, ಮೂರನೇ ಪುಟ ಓದಿ, ಆದೇಶದ ನಾಲ್ಕನೇ ಸಾಲನ್ನು ಹೊಡೆದುಹಾಕಿ. ದಿಬ್ಬ ಉಳಿಸಿ ಎಂದು ಕೇಳುತ್ತಿಲ್ಲ. ಅಳತೆಗಂಬ ಓದಿದವಳಿಗೆ ನೀರು ಎಲ್ಲಿಗೆ ಬಂದು ನಿಂತಿದೆ ಎಂಬುದು ಗೊತ್ತಾಗುತ್ತದೆ. ಸೆಪ್ಟೆಂಬರ್ ಇಪ್ಪತ್ತಕ್ಕೆ ದೋಣಿ ಹೇಳಿಯಾಗಿದೆ, ಕುರಿಗಳಿಗೆ ಗಿರಾಕಿ ಸಿಕ್ಕಿದ್ದಾನೆ. ತಾವು ಆ ಸಾಲನ್ನು ಹೊಡೆದುಹಾಕುವುದಿಲ್ಲ ಎಂಬುದೂ ಗೊತ್ತು. ಹೊಡೆದರೆ ತಪ್ಪು ಬೇರೊಬ್ಬರ ತಲೆಗೆ ಸುತ್ತಿಕೊಳ್ಳುತ್ತದಲ್ಲ.

ಇನ್ನು ಟೋಪಿ ಕೈಗೆತ್ತಿಕೊಂಡಿದ್ದೇನೆ. ತಾವು ಇಲ್ಲಿಯವರೆಗೆ ಓದಿದ್ದರೆ ಬಾಗಿಲ ಮಾತನ್ನೂ ಕೇಳಿಸಿಕೊಳ್ಳಿ.

ಅಂದ ಹಾಗೆ, ಮಾನ್ಯರೇ, ಚೌಕಟ್ಟಿನಲ್ಲಿ ಇನ್ನೂ ನಾಲ್ಕು ನಕ್ಷತ್ರ ಉಳಿದಿವೆ, ದಿನಕ್ಕೊಂದು ಕೆರೆಯುತ್ತಿದ್ದಾನೆ. ನನ್ನ ಅಣ್ಣನಿಗೆ ಒಂದು ಕಾರ್ಡು ಬರೆಯಿರಿ. ಮೊಹರು ಬೇಡ, ಕ್ಷಮೆಯೂ ಬೇಡ. "ಇಳಿಜಾರಿನ ವಿಷಯದಲ್ಲಿ ನೀವು ಹೇಳಿದ್ದು ಸರಿಯಾಗಿತ್ತು" ಎಂದಷ್ಟೇ ಇರಲಿ, ಮೊದಲನೇ ಸಾಲಿನಲ್ಲೇ.

ಇಂತಿ,
ಚಂದ್ರನ ಮೇಲೆ ಯಾವ ದೂರೂ ಇಲ್ಲದ,
ಗೋಂಕೆ ಬ್ರೋಡರ್ಸನ್
ತಮ್ಮ ಇಲಾಖೆಯ ಮಾಜಿ ಅಳತೆಗಾರ್ತಿ, ಸೆಪ್ಟೆಂಬರ್ ಇಪ್ಪತ್ತರವರೆಗೆ ಓಸ್ಟರ್‌ಹಾಲಿಗ್ ನಿವಾಸಿ