ದಪ್ಪ ಅಟ್ಟೆಯ ಚಪ್ಪಲಿ

ಗುಬ್ಬಿ,

ನಿನ್ನ ದಪ್ಪ ಅಟ್ಟೆಯ ಚಪ್ಪಲಿ ಹುಡುಕಬೇಡ, ನಾನು ಹಾಕಿಕೊಂಡು ಹೋಗಿದ್ದೇನೆ. ಬೈಕ್ ಆರಿಸಲು ನನ್ನ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೋಗು.

ನಿನ್ನೆ ಮೆಕ್ಯಾನಿಕ್ ಅಣ್ಣನ ಅಂಗಡಿಯಲ್ಲಿ ಆ ಕೆಂಪು ಬೈಕ್ ಹತ್ತಿ, "ಅಕ್ಕಾ, ಕಾಲು ನೆಲಕ್ಕೆ ಸಿಕ್ತು ನೋಡೇ!" ಅಂತ ಕುಣಿದೆ. ಸಿಕ್ಕಿದ್ದು ಕಾಲಲ್ಲ, ಅಟ್ಟೆ. ಚಿಕ್ಕಂದಿನಿಂದ ನಿನ್ನ ಪ್ಯಾಂಟೆಲ್ಲ ಹೊಲಿದವಳು ನಾನು. ಕಾಲಿನ ಉದ್ದದ ವಿಷಯದಲ್ಲಿ ನನಗೇ ಟೋಪಿ ಹಾಕಬೇಡ.

ಇವತ್ತು ಎರಡೂ ಪಾದ ಪೂರ್ತಿ ಊರಿ ನೋಡು. ಸ್ಟ್ಯಾಂಡ್ ತೆಗೆದು ನೀನೇ ತಳ್ಳಿಕೊಂಡು ತಿರುಗಿಸು. ಅಣ್ಣ ಹಿಡಿಯಲು ಬಂದರೆ ಬೇಡ ಅನ್ನು. ಸಿಗ್ನಲ್‌ನಲ್ಲಿ ಅವರು ಇರುವುದಿಲ್ಲ. ಕೆಂಪು ಬೈಕಿನ ಪಕ್ಕ ನಿಂತಿದ್ದ ಆ ಕಪ್ಪು ಬೈಕ್ ಚಿಕ್ಕದು, ಗೀರು ಬಿದ್ದಿದೆ, ನೋಡಲು ಸಪ್ಪೆ. ಇರಲಿ. ಹೊಸಬಳು ನೀನು, ಹೇಗೂ ಇನ್ನೆರಡು ಗೀರು ಸೇರಿಸುತ್ತೀಯ.

ಯಾವುದು ತರುತ್ತೀಯೋ ನಿನ್ನಿಷ್ಟ. ಒಲೆ ಮೇಲೆ ಹಾಲಿದೆ, ಬೆಕ್ಕು ಬಾಯಿ ಹಾಕೀತು, ಮುಚ್ಚಿಟ್ಟು ಹೋಗು.

ನಿನ್ನ ಹಿಂದೆ ಯಾವತ್ತೂ ಕೂರಲ್ಲ ಅಂದಿದ್ದೆ. ಸಂಜೆ ನನ್ನ ಹೊಲಿಗೆ ಅಂಗಡಿ ಹತ್ತಿರ ಗಾಡಿ ತಗೊಂಡು ಬಾ. ಈ ಚಪ್ಪಲಿಯಲ್ಲಿ ವಾಪಸು ನಡೆಯಲು ನನ್ನಿಂದಾಗದು.

ಅಕ್ಕ