ಗೊಂಗ್ ಪಕ್ಕದ ಚಾಪೆ

ಸೆಪ್ಟೆಂಬರ್ 4, ಸೋಮವಾರ — ನಮ್ಮ ಜಾವಾದ ಐದು ದಿನದ ವಾರದಲ್ಲಿ ಪೋನ್. ಸಂಜೆ 5

ಇವತ್ತೂ ಲೇಟ್. ಹನ್ನೊಂದು ಸಲ ಗೊಂಗ್, ನಮ್ಮ ದೊಡ್ಡ ಕಂಚಿನ ಜಾಗಟೆ, ತಡವಾಗಿ ಹೊಡೆದೆ.

ಲೆಕ್ಕ ಯೋನಾಸ್‌ನದು. ಲಕ್ಸಿತಾಳ ಜೊತೆ ಕಂಪ್ಯೂಟರ್ ಕೆಲಸ ನೋಡುವವನು. ನಲವತ್ತು ಹತ್ತಿರ ಬಂತು, ಇನ್ನೂ ಅರ್ಧ ಚಡ್ಡಿ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನನ್ನ ಪಕ್ಕದಲ್ಲೇ ಕೂತಿದ್ದ. ಅವನಿಗೂ ನಾನು ಪಾಕ್‌ಧೆ, ಅಂದರೆ ದೊಡ್ಡಪ್ಪ.

"ಪಾಕ್‌ಧೆ, ದೀಪ ಹತ್ತಿ ಮುಕ್ಕಾಲು ಸೆಕೆಂಡ್ ಆಯ್ತು. ಆಮೇಲೆ ಹೊಡೆದ್ರಿ. ಇದಕ್ಕೆ ಲೇಟೆನ್ಸಿ ಅಂತಾರೆ."

"ನಾವು ಇದಕ್ಕೆ ಗೊಂಗ್ ಅಂತೀವಿ."

ಲ್ಯಾಪ್‌ಟಾಪಿನಿಂದ ದೀಪ ಹತ್ತಿಸುತ್ತಿದ್ದ ಲಕ್ಸಿತಾ ಅದರ ಹಿಂದೆಯೇ ತಲೆ ತಗ್ಗಿಸಿ ನಕ್ಕಳು. ನಗುವಾಗ ಥೇಟ್ ಅವಳ ಸೋದರತ್ತೆ, ನನ್ನ ಹೆಂಡತಿ. ವಿನಾರ್ಸಿಹ್ ಕೂಡ ಹಾಗೇ, ಏನೋ ಕಳೆದುಹೋಗಿದೆ, ಹುಡುಕುತ್ತಿದ್ದೇನೆ ಎನ್ನುವ ಹಾಗೆ ತಗ್ಗಿ ನಗುತ್ತಿದ್ದಳು.

ದೀಪ ಹತ್ತಿದ ಕೂಡಲೇ ಹೊಡೆದರೆ ಅದು ಗೊಂಗ್ ಅಲ್ಲ, ಕಾಲಿಂಗ್ ಬೆಲ್. ಉಳಿದ ವಾದ್ಯ ಬಂದು ಸೇರಿದ ಮೇಲೆ, ಹಾಡುವವಳು ಸಾಲಿನ ಕೊನೆ ಅಕ್ಷರ ಕೆಳಗಿಟ್ಟ ಮೇಲೆ, ಒಂದು ಉಸಿರು ತಡೆದು... ಆಗ. ನಲವತ್ತೊಂದು ವರ್ಷ ಒಬ್ಬಳೇ ಹಾಡುಗಾರ್ತಿಗೆ ಕಾದವನು ನಾನು. ಅವಳೇ ನನ್ನ ವಿನಾರ್ಸಿಹ್, ಯಾವತ್ತೂ ಲೇಟ್. ತೀರಿಕೊಂಡು ಹದಿನಾಲ್ಕು ತಿಂಗಳಾಯಿತು, ಕೈ ಇನ್ನೂ ಕಾಯುತ್ತದೆ. ಇದನ್ನೆಲ್ಲ ಯೋನಾಸ್‌ಗೆ ಹೇಳಲಿಲ್ಲ. ಸ್ಟಾಪ್‌ವಾಚಿನಲ್ಲಿ ಹಿಡಿಯುವಂಥದ್ದಲ್ಲ.

ಸೆಪ್ಟೆಂಬರ್ 5, ಮಂಗಳವಾರ — ವಾಗೆ. ಬೆಳಿಗ್ಗೆ 6

ನಿದ್ದೆ ಬೇಗ ಬಿಟ್ಟಿತು. ಹೋಗಲು ಒಂದು ಜಾಗ ಇದ್ದರೆ ನಿದ್ದೆ ತಾನೇ ಬಿಡುತ್ತದೆ.

ಲಕ್ಸಿತಾ ತನ್ನ ಕಲಾಕೃತಿಯ ಬಗ್ಗೆ ಹೇಳಿದ್ದನ್ನು ಬರೆದಿಡುತ್ತೇನೆ, ಇಲ್ಲದಿದ್ದರೆ ಮರೆಯುತ್ತೇನೆ. ನಮ್ಮೂರ ಲವೆಯಾನ್ ಕೇರಿಯ ಹಳೇ ಬಾತಿಕ್ ಬಟ್ಟೆ ಗೋದಾಮು. ಒಂದು ಗೋಡೆಯಷ್ಟು ಉದ್ದ ಬಿಳಿ ಪರದೆ, ತೊಗಲುಬೊಂಬೆ ಆಟಕ್ಕೆ ಕಟ್ಟುವಂಥದ್ದೇ. ಬೊಂಬೆ ಇಲ್ಲ, ಆಡಿಸುವವನೂ ಇಲ್ಲ. ಮೇಲೊಂದು ಕ್ಯಾಮೆರಾ. ಜನ ಪರದೆಯ ಮುಂದೆ ಬಂದರೆ ಕ್ಯಾಮೆರಾ ಅವರ ಮೈಕಟ್ಟು ನೋಡಿ ತಕ್ಕ ಬೊಂಬೆಯ ನೆರಳನ್ನು ಎಬ್ಬಿಸುತ್ತದೆ. ನಾವು ಕೈ ಎತ್ತಿದರೆ ಅದೂ ಎತ್ತುತ್ತದೆ. ಬೊಂಬೆ ಎದ್ದಾಗಲೆಲ್ಲ ನನ್ನ ಮುಂದೆ ಒಂದು ಕೆಂಪು ದೀಪ. ದೀಪ ಕಂಡರೆ ಗೊಂಗ್. ನನ್ನ ಚಾಪೆ ಪರದೆಯ ಮುಂದೆಯೇ, ಎಡಕ್ಕೆ, ಬಾಗಿಲಿಗೆ ಎದುರು. ಬಂದವರೆಲ್ಲ ನನ್ನ ಎದುರು ಹಾದೇ ಹೋಗಬೇಕು. ಗಂಡಿನ ಕಡೆ ಹಿರಿಯನನ್ನು ಮದುವೆಯಲ್ಲಿ ಕೂರಿಸಿದ ಹಾಗೆ.

ಇದಕ್ಕೆ ಇಂಟರಾಕ್ಟಿವ್ ಎನ್ನುತ್ತಾರಂತೆ. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು, ಈ ಪದ ಬಂದ ನೆನಪಿಲ್ಲ. ಹಳೇ ಡಿಕ್ಷನರಿ ತೆಗೆದೆ. ಗೆದ್ದಲು ಓದಿಬಿಟ್ಟಿದೆ. ಎಚ್ ಆದ ಮೇಲೆ ನೇರ ಕೆ.

21ಕ್ಕೆ ಜಕಾರ್ತದಿಂದ ಉತ್ಸವ ಸಮಿತಿಯವರು ಬರುತ್ತಾರೆ. ಒಪ್ಪಿದರೆ ಇದು ಐದು ಊರು ಸುತ್ತುತ್ತದೆ. ಇಲ್ಲದಿದ್ದರೆ ಗಂಟುಮೂಟೆ. ಲಕ್ಸಿತಾಳ ಎರಡು ವರ್ಷ ಇದರಲ್ಲಿದೆ. ನನ್ನದು? ಒಂದು ಚಾಪೆ. ಚಿಕ್ಕದು ಎನ್ನಿಸಬಹುದು. ಇಲ್ಲಿ ಬರೆಯಲು ನಾಚಿಕೆ ಏಕೆ — ಆ ಚಾಪೆ ನನಗೆ ಬೇಕು.

ಸೆಪ್ಟೆಂಬರ್ 9, ಶನಿವಾರ — ಪೋನ್. ಸಂಜೆ 6

ಮೊದಲ ಸಲ ಜನರನ್ನು ಒಳಗೆ ಬಿಟ್ಟೆವು. ನೂರಕ್ಕೂ ಮೇಲೆ.

ಪರದೆ ಬೆಳ್ಳಗೇ ಇತ್ತು. ಬೊಂಬೆಯೂ ಇಲ್ಲ, ದೀಪವೂ ಇಲ್ಲ. ಬಂದವರು ಗೋಡೆ ಪಕ್ಕಕ್ಕೆ ಸರಿದು, ಮಂಡಿ ಮಡಚಿ ಕೂತು, ಶುರುವಾಗಲೆಂದು ಕಾದರು. ಮುಕ್ಕಾಲು ಗಂಟೆ! ಯಾರಿಗೂ ಬೇಸರವಿಲ್ಲ. ನಮ್ಮ ಜನಕ್ಕೆ ಕಾಯುವುದೂ ಆಟದ ಭಾಗವೇ.

ಎದ್ದದ್ದು ಒಂದೇ ಬೊಂಬೆ, ಕಿರ್ಮಾನ್‌ನದು. ನನ್ನ ಓರಗೆಯವನು, ಬಾಯಿಮಾತಿಗೆ ನನ್ನನ್ನು ಕಾಂಗ್, ಅಂದರೆ ಅಣ್ಣ, ಎನ್ನುತ್ತಾನೆ. ತಂತಿವಾದ್ಯ ನುಡಿಸುತ್ತ ನಲವತ್ತು ವರ್ಷ ನನ್ನ ಪಕ್ಕ ಕೂತವನು. ಸಿಗರೇಟು ಕಿವಿಗೆ ಸಿಕ್ಕಿಸಿಕೊಂಡು ನೇರ ನಡೆದು ಬಂದ. ಪರದೆಯ ಮೇಲೆ ಕೋರೆಹಲ್ಲಿನ ರಾಕ್ಷಸ ಎದ್ದ.

"ಕಾಂಗ್, ನೋಡು! ಮಿಷನ್ನಿಗೂ ಗೊತ್ತು ಯಾರು ದೊಡ್ಡೋರು ಅಂತ."

"ಹೊಟ್ಟೆ ಯಾರದ್ದು ದೊಡ್ಡದು ಅಂತ ಗೊತ್ತು."

ಗೊಂಗ್ ಒಂದೇ ಸಲ ಹೊಡೆದೆ. ಚೆನ್ನಾಗಿ ಲೇಟಾಗಿ. ಯೋನಾಸ್ ಏಣಿ ಹತ್ತಿ ಕ್ಯಾಮೆರಾದ ವೈರು ಕೀಳುತ್ತಿದ್ದ.

ಸೆಪ್ಟೆಂಬರ್ 14, ಗುರುವಾರ — ಪೋನ್. ರಾತ್ರಿ 8

ಹೊಸ ಕ್ಯಾಮೆರಾ ಬಂತು. ಹೊಸ ವೈರು ಬಂತು. ಬೆಳಿಗ್ಗೆ ನಾನಿಲ್ಲದಾಗ ಯೋನಾಸ್ ಒಬ್ಬನೇ ಕುಣಿದು ನೋಡಿದನಂತೆ, ಬೊಂಬೆ ಕುಣಿಯಿತಂತೆ. ಮಧ್ಯಾಹ್ನ ಕಾಲೇಜು ಮಕ್ಕಳು ಮೂವತ್ತು ಜನ — ಬಿಳಿ ಪರದೆ.

ಕಿರ್ಮಾನ್ ತೀರ್ಪು ಕೊಟ್ಟ. "ಗೊಂಗಿಗೆ ಹೂವಿಟ್ಟಿದ್ದೀರಾ? ಧೂಪ? ಇಲ್ಲ ತಾನೆ? ಮತ್ತೆ ಹೇಗೆ ಆಗುತ್ತೆ?"

ಗುರುವಾರದ ಸಂಜೆ ಬೇರೆ, ಹೂವು ಧೂಪ ಇಡುವ ಹೊತ್ತೇ. ಗೋದಾಮಿನಲ್ಲಿ ಚಹಾ ಕಾಸುವ ಬು ತುಮಿ (ಬು ಎಂದರೆ ಅಮ್ಮ) ತಾನೇ ಓಡಿಹೋಗಿ ಮಲ್ಲಿಗೆ, ಗುಲಾಬಿ, ಕಪ್ಪು ಕಾಫಿ ತಂದಿಟ್ಟಳು. ಧೂಪ ಹಾಕಿದೆವು. ಹೊಗೆ ಮೇಲೇರಿತು... ದೀಪ ಹತ್ತಿತು! ಪರದೆ ತುಂಬ ಬೊಂಬೆಗಳು, ಒಂದರ ಮೈಮೇಲೆ ಒಂದು, ಕೈಕಾಲು ತಿರುಚಿಕೊಂಡು. ಬು ತುಮಿ ತಟ್ಟೆ ಕೆಳಗಿಟ್ಟು ಕೈ ಮುಗಿದಳು.

"ಅದು ಹೊಗೆ, ಬು! ಹೊಗೇನ ಮನುಷ್ಯರು ಅಂದ್ಕೊಂಡಿದೆ!" ಯೋನಾಸ್ ಕೂಗಿದ.

"ಹೊಗೆ ಕಾಣುತ್ತೆ, ನಾವು ಕಾಣಲ್ವಾ?" ಎಂದಳು ಬು ತುಮಿ.

ಲಕ್ಸಿತಾ ನಗಲಿಲ್ಲ. ಗೋಡೆಗೊರಗಿ ಕೂತಿದ್ದಳು. ಬು ತುಮಿಯ ಮಾತು ಮಾತ್ರ ನನ್ನ ತಲೆಯಲ್ಲಿ ತಿರುಗುತ್ತಿದೆ. ಹೊಗೆ ಕಾಣುತ್ತದೆ. ಕಿರ್ಮಾನ್ ಕಾಣುತ್ತಾನೆ. ಮಕ್ಕಳು ಕಾಣುವುದಿಲ್ಲ. ಏಕಿರಬಹುದು?

ಸೆಪ್ಟೆಂಬರ್ 16, ಶನಿವಾರ — ಕ್ಲಿವೋನ್. ಸಂಜೆ 4

ಗೊತ್ತಾಯಿತು.

ಮೂರು ಗಂಟೆಗೆ ಹಿತ್ತಲಿಗೆ ಹೋಗಿದ್ದೆ. ಈ ವಯಸ್ಸಿನಲ್ಲಿ ಹೋಗಿಬರುವುದು ಸ್ವಲ್ಪ ಹೊತ್ತಾಗುತ್ತದೆ. ವಾಪಸ್ ಬರುವಾಗ ಒಳಗೆ ನಗು, ಕೇಕೆ. ಬಾಗಿಲಲ್ಲಿ ನಿಂತು ನೋಡಿದೆ. ಪರದೆ ತುಂಬ ಬೊಂಬೆ! ಒಬ್ಬಳು ಶಾಲೆ ಟೀಚರ್ ಕೈ ಬೀಸಿದರೆ ರಾಜಕುಮಾರಿ ಬೀಸುತ್ತಾಳೆ. ಮಕ್ಕಳು ಹಾರಿದರೆ ಕೋತಿಸೈನ್ಯ ಹಾರುತ್ತದೆ. ಎಷ್ಟು ಚೆನ್ನಾಗಿತ್ತು! ಬಾಯಿ ಬಿಟ್ಟುಕೊಂಡು ನೋಡಿದೆ.

ಟೀಚರ್ ನನ್ನನ್ನು ಕಂಡಳು. ಚಾಪೆಯ ಕಡೆ ಹೋಗಿ ಕೂತೆ, ಅಷ್ಟೆ. ಎಲ್ಲರೂ ಗಾಳಿ ಬಡಿದ ಭತ್ತದ ಪೈರಿನ ಹಾಗೆ ಬಾಗಿದರು. ಬೆನ್ನು ಮಡಚಿ, ಬಲಗೈ ನೆಲದ ಕಡೆ ಚಾಚಿ, "ಅಪ್ಪಣೆ, ಮ್ಬಾಹ್... ಅಪ್ಪಣೆ, ಮ್ಬಾಹ್..." ಎಂದು ಅಜ್ಜನಾದ ನನ್ನ ಅಪ್ಪಣೆ ಕೇಳುತ್ತ ಎದುರು ಹಾದು, ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತರು. ಒಂದೊಂದೇ ಬೊಂಬೆ ಆರಿತು. ದೀಪವೂ.

ಕೂತ ಹಿರಿಯನ ಎದುರು ನೆಟ್ಟಗೆ ನಡೆಯುವುದು ಉಂಟೇ? ತಾಯಿ ಹಾಲಿನ ಜೊತೆ ಬಂದದ್ದು. ಕ್ಯಾಮೆರಾಗೋ, ಭುಜ ತಲೆ ನೆಟ್ಟಗಿದ್ದರೆ ಮಾತ್ರ ಮನುಷ್ಯ. ಹೊಗೆ ನೆಟ್ಟಗೆ ಏರುತ್ತದೆ. ಕಿರ್ಮಾನ್ ನನಗೆ ಬಾಗುವವನಲ್ಲ, ಅದಕ್ಕೇ ಕಂಡ. ಯೋನಾಸ್, ಲಕ್ಸಿತಾ ಪರೀಕ್ಷೆ ಮಾಡುವುದು ನಾನು ಬರುವ ಮೊದಲು, ಇಲ್ಲವೇ ಹೋದ ಮೇಲೆ.

ವೈರು ಕೆಟ್ಟಿಲ್ಲ. ಹೂವೂ ಕಡಿಮೆಯಾಗಿಲ್ಲ. ಕೆಟ್ಟಿರುವುದು ನಾನು.

ಲಕ್ಸಿತಾ ಪೇಟೆಗೆ ಹೋಗಿದ್ದಳು. ಯೋನಾಸ್ ಹೊರಗಡೆ ಏಣಿಯ ಮೇಲೆ, ಬೆನ್ನು ಈಕಡೆ. ಯಾರೂ ನೋಡಲಿಲ್ಲ.

ಸೆಪ್ಟೆಂಬರ್ 19, ಮಂಗಳವಾರ — ಪೋನ್. ಮಧ್ಯಾಹ್ನ

ಯಾರಿಗೂ ಹೇಳದೆಯೇ ಎರಡು ದಿನ ಗೋದಾಮಿಗೆ ಹೋದೆ. ಚಾಪೆಯ ಮೇಲೆ ಕೂತೆ. ಬಾಗಿದವರಿಗೆಲ್ಲ ತಲೆಯಾಡಿಸಿದೆ. ಯೋನಾಸ್ ಮೂರನೇ ಕ್ಯಾಮೆರಾ ಕಟ್ಟುವುದನ್ನು ಕೂತು ನೋಡಿದೆ. ಇಲ್ಲಿ ಬರೆಯಲೂ ಕೈ ಬರಲಿಲ್ಲ.

ಬೆಳಿಗ್ಗೆ ಲಕ್ಸಿತಾ ಬು ತುಮಿ ಹತ್ತಿರ ಹೇಳುವುದು ಕೇಳಿಸಿತು: "ಸಮಿತಿಗೆ ಬರಬೇಡಿ ಅಂತ ಫೋನ್ ಮಾಡಿಬಿಡ್ತೀನಿ, ಬು. ಬಂದು ಖಾಲಿ ಬಟ್ಟೆ ನೋಡಿ ಹೋಗೋದು ಬೇಡ."

ಚಾಪೆ ಸುತ್ತಿ ಕಂಕುಳಿಗೆ ಇಟ್ಟುಕೊಂಡು ಅವಳ ಮುಂದೆ ನಿಂತೆ. "ಫೋನ್ ಕೆಳಗಿಡು, ನ್ದುಕ್, ಮಗಳೇ."

ಎಲ್ಲ ಹೇಳಿದೆ. ಶನಿವಾರವೇ ಗೊತ್ತಿತ್ತು ಎನ್ನುವುದನ್ನೂ.

ಅವಳು ನನ್ನನ್ನೇ ನೋಡಿದಳು. "ಮೂರು ದಿನ, ಪಾಕ್‌ಧೆ?"

"ಮೂರು ದಿನ."

"ಲೇಟೆನ್ಸಿ," ಎಂದ ಯೋನಾಸ್ ಏಣಿಯ ಮೇಲಿಂದ.

ಅವಳು ನಗಲು ಹೋಗಿ ಅತ್ತಳು, ಇಲ್ಲ ಅಳಲು ಹೋಗಿ ನಕ್ಕಳು. ಬಾಗಿದವರನ್ನೂ ಗುರುತಿಸುವ ಹಾಗೆ ಕ್ಯಾಮೆರಾಗೆ ಕಲಿಸಲು ತಿಂಗಳು ಬೇಕಂತೆ. ಇರುವುದು ಎರಡು ದಿನ. ಗೊಂಗಿನ ಸದ್ದು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಬಿಡುವುದು ಯೋನಾಸ್‌ನ ಸಲಹೆ. ನಾನೂ ಹೂಂ ಎಂದೆ.

ಲಕ್ಸಿತಾ ಬೇಡವೆಂದಳು. "ಪರದೆಯ ಹಿಂದೆ ಕೂರಿ. ಅಲ್ಲಿ ನಿಮಗೆ ಯಾರೂ ಬಾಗಲ್ಲ. ದೀಪ ಅಲ್ಲಿಗೇ ಎಳೀತೀವಿ. ಆದರೆ ಗುರುವಾರ ದೀಪಕ್ಕೆ ಸರಿಯಾಗಿ ಹೊಡೆಯದಿದ್ದರೆ... ಸ್ಪೀಕರ್, ಪಾಕ್‌ಧೆ."

ಸೆಪ್ಟೆಂಬರ್ 21, ಗುರುವಾರ — ಕ್ಲಿವೋನ್. ಸಂಜೆ 6

ಮರೆಯುವ ಮೊದಲು ಬರೆದುಬಿಡುತ್ತೇನೆ.

ಮೂರು ಗಂಟೆಗೆ ಸಮಿತಿಯವರು ಬಂದರು. ಮೂವರು. ನಾನು ಪರದೆಯ ಹಿಂದೆ. ಬೊಂಬೆಗಳು ನನಗೆ ತಿರುಗುಮುರುಗಾಗಿ ಕಾಣುತ್ತವೆ. ಗೋದಾಮಿನ ಬಾಗಿಲು ಪಶ್ಚಿಮಕ್ಕಲ್ಲವೇ — ಇಳಿಬಿಸಿಲು ಒಳಗೆ ಬಂದು, ಜನರ ನಿಜವಾದ ನೆರಳೂ ಬಟ್ಟೆಯ ಮೇಲೆ ತೆಳ್ಳಗೆ ಬೀಳುತ್ತಿತ್ತು. ಎರಡೆರಡು ನೆರಳು. ಒಂದು ಕ್ಯಾಮೆರಾ ಕಂಡದ್ದು, ಒಂದು ಸೂರ್ಯ ಕಂಡದ್ದು. ಇದು ಲಕ್ಸಿತಾಗೂ ಗೊತ್ತಿರಲಿಲ್ಲ.

ದೀಪ ಹತ್ತಿತು, ಹೊಡೆದೆ. ಹತ್ತಿತು, ಹೊಡೆದೆ. ಸರಿಯಾಗಿ ದೀಪಕ್ಕೆ. ಕಾಲಿಂಗ್ ಬೆಲ್ ಆಗಿಬಿಟ್ಟೆ. ಮೂರು ಬೊಂಬೆ ಎದ್ದು ಕೈ ಆಡಿಸಿದವು. "ಚೆನ್ನಾಗಿದೆ, ಚೆನ್ನಾಗಿದೆ," ಎಂದರು ಅವರು. ಅಂಗಡಿಯಲ್ಲಿ ಬಟ್ಟೆ ನೋಡಿ, ಕೊಳ್ಳುವ ಮನಸ್ಸಿಲ್ಲದವರು ಹೇಳುವ ಹಾಗೆ. ಹೋಗಿ ಕುರ್ಚಿಯಲ್ಲಿ ಕೂತರು. ಬೊಂಬೆ ಆರಿದವು.

ಆಗ ಬಟ್ಟೆಯ ಮೇಲೆ ಇನ್ನೊಂದು ನೆರಳು. ಬಿಸಿಲಿನದು. ಬು ತುಮಿ. ಎರಡೂ ಕೈಯಲ್ಲಿ ಚಹಾದ ತಟ್ಟೆ. ಕೂತ ಅತಿಥಿಗಳ ಎದುರು ಹಾಯಬೇಕಲ್ಲ — ಸೊಂಟ ಮಡಚಿ, ತಲೆ ತಗ್ಗಿಸಿ, ನಿಧಾನ, ಬಲು ನಿಧಾನ. ದೀಪ ಹತ್ತಲಿಲ್ಲ. ಈ ತುದಿಯಿಂದ ಆ ತುದಿವರೆಗೆ ಬೆಳ್ಳನೆ ಪರದೆ, ಅದರ ಮೇಲೆ ಅವಳೊಬ್ಬಳೇ, ಮಿಷನ್ನಿಗೆ ಕಾಣದೆ.

ಇಷ್ಟು ಜನ ನನ್ನ ಎದುರು ಬಾಗಿ ಹೋದರಲ್ಲ, ಒಬ್ಬರಿಗಾದರೂ ನಾನು ಗೊಂಗಿನಲ್ಲಿ ಉತ್ತರ ಕೊಟ್ಟಿದ್ದೆನೇ?

ನಡುವಿಗೆ ಬಂದಳು. ಒಂದು ಉಸಿರು ತಡೆದೆ. ಹೊಡೆದೆ. ಪೂರ್ತಿ, ಹೊಟ್ಟೆಯಿಂದ.

ಅವಳು ಬೆಚ್ಚಿ ನೆಟ್ಟಗಾದಳು. ಅಷ್ಟೇ ಸಾಕಿತ್ತು — ಕ್ಯಾಮೆರಾ ಕಂಡಿತು. ಪರದೆಯ ಮೇಲೆ ಎರಡಾಳೆತ್ತರದ ದಾಸಿಬೊಂಬೆ ಎದ್ದಿತು. ಬು ತುಮಿ ತಿರುಗಿ ಅದನ್ನು ನೋಡಿದಳು. ಇಷ್ಟು ದಿನ ಚಹಾ ತಂದವಳು, ಒಂದು ದಿನವೂ ಅವಳದು ಎದ್ದಿರಲಿಲ್ಲ.

"ಅಯ್ಯೋ, ಇದು ನಾನಾ? ಇಷ್ಟು ಉದ್ದಾನಾ?"

ಕುರ್ಚಿಗಳು ಸರಿದ ಸದ್ದು. ಮೂವರೂ ಎದ್ದಿದ್ದರು. ಒಬ್ಬಾಕೆ ಅವಳ ಕೈಯಿಂದ ತಟ್ಟೆ ಇಸಿದುಕೊಂಡಳು. ಬು ತುಮಿ ಮೊದಲು ಒಂದು ಕೈ ಎತ್ತಿ ನೋಡಿದಳು. ಆಮೇಲೆ ಎರಡೂ.

ಯೋನಾಸ್ ಪರದೆಯ ಹಿಂದಕ್ಕೆ ಓಡಿಬಂದ. "ಪಾಕ್‌ಧೆ! ದೀಪ ಹತ್ತೋ ಮೊದಲೇ ಹೊಡೆದ್ರಿ! ಈ ಸಲ ಲೇಟಲ್ಲ, ಮುಂಚೆ!"

"ನಿನ್ನ ದೀಪ ಲೇಟು."

ಸೆಪ್ಟೆಂಬರ್ 22, ಶುಕ್ರವಾರ — ಲೆಗಿ. ಬೆಳಿಗ್ಗೆ 9

ಒಪ್ಪಿದ್ದಾರೆ. ಐದು ಊರು. ಒಂದು ಷರತ್ತು — ಗೊಂಗ್ ಹೊಡೆಯುವವನೂ ಬರಬೇಕು, ದೀಪ ಬೇಡ. ಯಾರಿಗೆ ಹೊಡೆಯಬೇಕೋ ಅವನೇ ನೋಡಿಕೊಳ್ಳಲಿ ಎಂದರಂತೆ. ಬಾಗಿಲು ಎಲ್ಲ ಊರಲ್ಲೂ ಪಶ್ಚಿಮಕ್ಕೇ ಇರುತ್ತದೆಯೇ, ಬಿಸಿಲಿನ ನೆರಳು ನಾನು ಹೇಗೆ ನೋಡಲಿ ಎಂದು ಲಕ್ಸಿತಾಳನ್ನು ಕೇಳಿದೆ. ಬಾಗಿಲು ನೋಡಿ ಪರದೆ ಕಟ್ಟೋಣ ಎಂದಳು.

ಪ್ರಯಾಣಕ್ಕೆ ಒಂದು ಫಾರ್ಮ್ ಕೊಟ್ಟಿದ್ದಾರೆ, ಇಂಗ್ಲಿಷಿನಲ್ಲಿ. ಹೆಸರು ತುಂಬಿದೆ. ಹುಟ್ಟಿದ ವರ್ಷ ತುಂಬಿದೆ. ಹೆಂಡತಿ ಎನ್ನುವಲ್ಲಿ ವಿನಾರ್ಸಿಹ್ ಎಂದು ಬರೆದು, ಅಡ್ಡಗೆರೆ ಎಳೆಯಲು ಮನಸ್ಸಾಗದೆ ಹಾಗೇ ಬಿಟ್ಟೆ. ಮುಂದಿನ ಸಾಲು: ಈ ಕಲಾಕೃತಿಯಲ್ಲಿ ನಿಮ್ಮ ಕೆಲಸ ಏನು?

ಮ್ಯುಸಿಶಿಯನ್ ಎಂದು ಬರಿ ಎಂದ ಕಿರ್ಮಾನ್. ಸೆನ್ಸರ್, ಯಂತ್ರದ ಕಣ್ಣು, ಎಂದು ಬರೀರಿ ಎಂದ ಯೋನಾಸ್, ತಮಾಷೆಗೋ ನಿಜಕ್ಕೋ. ಬು ತುಮಿ ಚಹಾ ಇಟ್ಟು ಹೋದಳು, ನೆಟ್ಟಗೆ ನಡೆದು! ಕಾಲೇಜಿನ ಇಂಗ್ಲಿಷ್ ಪೂರ್ತಿ ಕೆದಕಿದೆ. ಕಾಯುವವನು ಎನ್ನುವುದಕ್ಕೆ ಸುಮಾರು ಹೊಂದುವ ಒಂದು ಪದ ಸಿಕ್ಕಿತು, ಸ್ಪೆಲಿಂಗ್ ಕೇಳಬೇಕು. ಮೊದಲು ಪೆನ್ಸಿಲಿನಲ್ಲಿ ಬರೆದು ನೋಡುತ್ತೇನೆ... ಕೆಲಸ: ವೇಟರ್.